ಉಂಡದ್ದು ಮೈಗೆ ಹತ್ತಬೇಕಲ್ಲ: ಕಮಲಾ ಸೋಹೋನಿ

ಹೋದ ವರ್ಷ ಜನವರಿಯಲ್ಲಿ ನಮ್ಮ ಕಾಲೇಜಿನಲ್ಲಿ ರಕ್ತದಾನ ಶಿಬಿರ ಇತ್ತು. ಹೆಸರು ಬರೆಸಿಕೊಳ್ಳುವಾಗ ಮೊದಲು ಕೈ ಎತ್ತಿದವಳು ನಾನೇ. ಸರ್ಟಿಫಿಕೇಟ್ ಮತ್ತು ಜೂಸ್ ಪ್ಯಾಕೆಟ್ ಸಿಗುತ್ತದೆ ಎನ್ನುವುದೂ ಒಂದು ಕಾರಣ, ಸುಳ್ಳು ಹೇಳುವುದಿಲ್ಲ. ನರ್ಸ್ ಬೆರಳಿಗೆ ಸೂಜಿ ಚುಚ್ಚಿ, ಒಂದು ಹನಿ ರಕ್ತವನ್ನು ಸಣ್ಣ ಯಂತ್ರಕ್ಕೆ ಹಾಕಿ ನೋಡಿ, ಆಮೇಲೆ ನನ್ನ ಮುಖ ನೋಡಿದರು. 8.9. ರಕ್ತ ಕೊಡಬೇಕಾದರೆ ಹಿಮೋಗ್ಲೋಬಿನ್ ಕನಿಷ್ಠ 12.5 ಗ್ರಾಂ ಇರಬೇಕಂತೆ. ಕೊಡುವುದು ಹಾಗಿರಲಿ, ಹೀಗೇ ಬಿಟ್ಟರೆ ನಿನಗೇ ಯಾರಾದರೂ ಕೊಡಬೇಕಾದೀತು ಎಂದು ನಗುತ್ತಾ ಹೇಳಿ ಸಾಲಿನಿಂದ ಆಚೆ ಕಳಿಸಿದರು. ನನ್ನ ಹಿಂದೆ ನಿಂತಿದ್ದ ಗೆಳತಿಯರಲ್ಲಿ ಹೆಚ್ಚಿನವರಿಗೂ ಅದೇ ಉತ್ತರ. ಹುಡುಗರು ಮಾತ್ರ ಒಬ್ಬೊಬ್ಬರಾಗಿ ಮಂಚದ ಮೇಲೆ ಮಲಗಿ ಫೋಟೊ ತೆಗೆಸಿಕೊಂಡರು.

ಅಲ್ಲಿಯವರೆಗೆ ನಾನು ನನ್ನನ್ನು ಸೋಮಾರಿ ಅಂದುಕೊಂಡಿದ್ದೆ. ಮಧ್ಯಾಹ್ನದ ಕ್ಲಾಸಿನಲ್ಲಿ ಕಣ್ಣು ಎಳೆಯುವುದು, ಮೂರನೇ ಮಹಡಿ ಹತ್ತುವಷ್ಟರಲ್ಲಿ ಏದುಸಿರು, ಓದಿದ್ದು ತಲೆಯಲ್ಲಿ ನಿಲ್ಲದಿರುವುದು, ಇದಕ್ಕೆಲ್ಲ ಮೊಬೈಲೇ ಕಾರಣ ಎಂದು ಅಪ್ಪ, ಹೌದೇನೋ ಎಂದು ನಾನು. ಯಾದಗಿರಿ ಹತ್ತಿರದ ರಾಮಸಮುದ್ರ ನಮ್ಮೂರು. ಮನೆಯಲ್ಲಿ ಊಟಕ್ಕೆ ಕೊರತೆ ಇಲ್ಲ. ಜೋಳದ ರೊಟ್ಟಿ, ತೊಗರಿ ಬ್ಯಾಳಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಇಷ್ಟೆಲ್ಲ ಉಂಡೂ ಸೊರಗಿದವರನ್ನು ಕಂಡರೆ ನಮ್ಮ ಕಡೆ ಹಿರಿಯರು ಉಂಡದ್ದು ಮೈಗೆ ಹತ್ತಿಲ್ಲ ಅನ್ನುತ್ತಾರೆ. ಆ ಮಾತಿನೊಳಗೆ ಒಂದು ಇಡೀ ವಿಜ್ಞಾನ ಇದೆ ಎಂದು ನನಗೆ ತಿಳಿದದ್ದು ಮುಂದಿನ ತಿಂಗಳು, ಅದೂ ಅಡ್ಡದಾರಿಯಲ್ಲಿ.

ಫೆಬ್ರುವರಿ 28ರ ವಿಜ್ಞಾನ ದಿನಕ್ಕೆ ಸಿ.ವಿ. ರಾಮನ್ ಬಗ್ಗೆ ಐದು ನಿಮಿಷ ಮಾತಾಡು ಎಂದು ನಮ್ಮ ಮೇಡಂ ಹೇಳಿದ್ದರು. ರಾಮನ್ ಬಗ್ಗೆ ಓದುತ್ತಾ ಹೋದಾಗ, ಅವರು ಬಾಗಿಲಿನಿಂದ ವಾಪಸ್ ಕಳಿಸಿದ ಒಬ್ಬ ಹುಡುಗಿಯ ಹೆಸರು ಸಿಕ್ಕಿತು. ಕಮಲಾ ಭಾಗವತ್. ಮುಂದೆ ಕಮಲಾ ಸೋಹೋನಿ ಆದವರು. ಐದು ನಿಮಿಷದ ಭಾಷಣದಲ್ಲಿ ಅವರಿಗೆ ಜಾಗ ಸಿಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಕಮಲಾ ಹುಟ್ಟಿದ್ದು 1911ರಲ್ಲಿ, ಇಂದೋರಿನಲ್ಲಿ. ಅಪ್ಪ ನಾರಾಯಣರಾವ್, ಚಿಕ್ಕಪ್ಪ ಮಾಧವರಾವ್ ಇಬ್ಬರೂ ರಸಾಯನಶಾಸ್ತ್ರ ಓದಿದವರು. ಓದಿದ್ದು ಎಲ್ಲಿ ಅಂದರೆ ನಮ್ಮ ಬೆಂಗಳೂರಿನಲ್ಲೇ, ಜನ ಇವತ್ತಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ಆರಂಭದ ದಿನಗಳಲ್ಲಿ. ಅಕ್ಕ ದುರ್ಗಾ ಭಾಗವತ್ ಮರಾಠಿಯ ದೊಡ್ಡ ಲೇಖಕಿ, ತುರ್ತುಪರಿಸ್ಥಿತಿಯನ್ನು ಎದುರು ಹಾಕಿಕೊಂಡವರು. ಸುಮ್ಮನಿರುವುದು ಆ ಮನೆಯ ಹೆಣ್ಣುಮಕ್ಕಳ ಸ್ವಭಾವವಾಗಿರಲಿಲ್ಲ ಅಂತ ಕಾಣುತ್ತದೆ.

1933ರಲ್ಲಿ ಕಮಲಾ ಬಾಂಬೆ ವಿಶ್ವವಿದ್ಯಾಲಯದಿಂದ ಬಿ.ಎಸ್ಸಿ. ಮುಗಿಸಿದರು. ರಸಾಯನಶಾಸ್ತ್ರ ಮುಖ್ಯ ವಿಷಯ, ಭೌತಶಾಸ್ತ್ರ ಉಪವಿಷಯ. ಅಂಕಗಳಲ್ಲಿ ಮುಂಚೂಣಿ. ಅಪ್ಪ, ಚಿಕ್ಕಪ್ಪ ಓದಿದ ಸಂಸ್ಥೆಗೇ ಅರ್ಜಿ ಹಾಕಿದರು. ಸಿಕ್ಕೇ ಸಿಗುತ್ತದೆ ಅಂದುಕೊಂಡಿದ್ದ ಸೀಟು. ಅದೇ ವರ್ಷ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾಗಿ ಬಂದಿದ್ದವರು ರಾಮನ್. ನೊಬೆಲ್ ಬಂದು ಮೂರೇ ವರ್ಷವಾಗಿತ್ತು. ಅವರು ಅರ್ಜಿಯನ್ನು ತಳ್ಳಿಹಾಕಿದರು. ಅಂಕ ಕಡಿಮೆಯಾಗಿತ್ತು ಅಂತಲ್ಲ, ಅರ್ಜಿ ಹಾಕಿದವಳು ಹೆಣ್ಣು ಅಂತ.

ಇವತ್ತು ನಮಗೆ ಕಂಪನಿಗಳಿಂದ ಕ್ಷಮಿಸಿ ಎನ್ನುವ ಇ-ಮೇಲ್ ಬಂದರೆ ಎರಡು ದಿನ ಊಟ ಸೇರುವುದಿಲ್ಲ. ಆದರೂ ಕಾರಣ ಗೊತ್ತಾಗುವುದಿಲ್ಲ ಎನ್ನುವ ಸಮಾಧಾನವಾದರೂ ಇರುತ್ತದೆ. ಕಮಲಾಗೆ ಕಾರಣ ಗೊತ್ತಿತ್ತು. ಅವರು ನೇರವಾಗಿ ಬೆಂಗಳೂರಿಗೆ ಬಂದರು. ಅದು ಗಾಂಧೀಜಿಯ ಕಾಲ. ಸೀಟು ಕೊಡುವವರೆಗೆ ನಿರ್ದೇಶಕರ ಕಚೇರಿ ಎದುರು ಸತ್ಯಾಗ್ರಹ ಮಾಡುತ್ತೇನೆ ಎಂದು ಕೂತರು.

ರಾಮನ್ ಕೊನೆಗೆ ಒಪ್ಪಿದರು, ಷರತ್ತು ಹಾಕಿ. ಮೊದಲ ಒಂದು ವರ್ಷ ಅವಳು ಪೂರ್ಣ ವಿದ್ಯಾರ್ಥಿನಿ ಅಲ್ಲ, ಪರೀಕ್ಷಾರ್ಥ ಮಾತ್ರ. ಮಾರ್ಗದರ್ಶಕರು ಹೇಳಿದರೆ ರಾತ್ರಿ ಎಷ್ಟು ಹೊತ್ತಾದರೂ ಕೆಲಸ ಮಾಡಬೇಕು. ಪ್ರಯೋಗಾಲಯದ ವಾತಾವರಣ ಕೆಡಿಸಬಾರದು. ಅಂದರೆ ಅವಳಿಂದ ಗಂಡು ಹುಡುಗರ ಗಮನ ಬೇರೆಡೆ ಹೋಗಬಾರದು. ಕಮಲಾ ಒಪ್ಪಿಕೊಂಡರು. ಆದರೆ ಆ ಅವಮಾನವನ್ನು ಜೀವಮಾನವಿಡೀ ಮರೆಯಲಿಲ್ಲ, ದಶಕಗಳ ನಂತರವೂ ಅದನ್ನು ಮುಚ್ಚಿಡದೆ ಹೇಳಿಕೊಂಡರು.

ಎರಡನೇ ಷರತ್ತು ಓದಿ ನನಗೆ ನಗು ಬಂತು. ನಾವು ಓದುವ ಕಡೆ ಪ್ರಾಜೆಕ್ಟ್ ಲ್ಯಾಬ್ ರಾತ್ರಿ ಹತ್ತರವರೆಗೆ ತೆರೆದಿರುತ್ತದೆ, ಹುಡುಗಿಯರ ಹಾಸ್ಟೆಲ್ ಗೇಟು ಏಳಕ್ಕೇ ಹಾಕುತ್ತಾರೆ. ಕಮಲಾಗೆ ರಾತ್ರಿ ಇರಲೇಬೇಕು ಎಂಬ ಷರತ್ತು, ನಮಗೆ ಇರಲೇಬಾರದು ಎಂಬ ಷರತ್ತು. ತೊಂಬತ್ತು ವರ್ಷದಲ್ಲಿ ಬದಲಾವಣೆ ಆಗಿಲ್ಲ ಅಂತ ಯಾರು ಹೇಳಿದರು?

ಬೆಂಗಳೂರಿನಲ್ಲಿ ಅವರ ಮಾರ್ಗದರ್ಶಕರು ಎಂ. ಶ್ರೀನಿವಾಸಯ್ಯ. ಕಟ್ಟುನಿಟ್ಟಿನ ಮನುಷ್ಯ, ಆದರೆ ವಿದ್ಯಾರ್ಥಿಯನ್ನು ವಿದ್ಯಾರ್ಥಿಯಂತೆ ನೋಡಿದವರು. ಕಮಲಾ ಅಲ್ಲಿ ಕೈಗೆತ್ತಿಕೊಂಡ ವಿಷಯ ಹಾಲು ಮತ್ತು ಬೇಳೆಕಾಳುಗಳಲ್ಲಿರುವ ಪ್ರೋಟೀನುಗಳು. ಅಂದರೆ ಹುಡುಗರ ನಡುವೆ ಕುಳಿತು ಅವರು ಮಾಡಿದ್ದು ನಮ್ಮ ಅಡುಗೆಮನೆಯ ಡಬ್ಬಿಗಳ ಲೆಕ್ಕ. ತೊಗರಿಯ ನಾಡು ಎಂದು ಹೆಮ್ಮೆ ಪಡುವ ನಾವು, ಕಲಬುರಗಿ ತೊಗರಿಗೆ ಜಿಐ ಮಾನ್ಯತೆ ಬಂದಾಗ ಸ್ಟೇಟಸ್ ಹಾಕಿಕೊಂಡ ನಾವು, ಬೇಳೆಯೊಳಗೆ ಏನಿದೆ ಎಂದು ಎಂದಾದರೂ ಕೇಳಿದ್ದೇವೆಯೇ?

ಒಂದು ವರ್ಷದ ಕೆಲಸ ನೋಡಿ ರಾಮನ್ ಮನಸ್ಸು ಬದಲಾಯಿತು. ಕಮಲಾ ಪೂರ್ಣ ವಿದ್ಯಾರ್ಥಿನಿಯಾದರು, ಸಂಸ್ಥೆಯ ಬಾಗಿಲು ಇತರ ಹೆಣ್ಣುಮಕ್ಕಳಿಗೂ ತೆರೆಯಿತು. ಹವಾಮಾನ ವಿಜ್ಞಾನಿ ಅನ್ನಾ ಮಣಿ 1940ರಲ್ಲಿ ಅದೇ ಬಾಗಿಲಿನಿಂದ ಒಳಬಂದು ರಾಮನ್ ಅವರ ಪ್ರಯೋಗಾಲಯದಲ್ಲೇ ಕೆಲಸ ಮಾಡಿದರು. ರಾಮನ್ ದೊಡ್ಡವರು, ಅವರ ಫೋಟೊಗೆ ಹಾರ ಹಾಕುವುದರಲ್ಲಿ ನನ್ನದೇನೂ ತಕರಾರಿಲ್ಲ. ಹಾರ ಹಾಕುವಾಗ ಈ ಕತೆಯೂ ನೆನಪಿರಲಿ ಅಂತಷ್ಟೆ.

1936ರಲ್ಲಿ ಎಂ.ಎಸ್ಸಿ. ಪಡೆದು, ವಿದ್ಯಾರ್ಥಿವೇತನ ಗಳಿಸಿ, ಕಮಲಾ ಇಂಗ್ಲೆಂಡಿನ ಕೇಂಬ್ರಿಜ್‌ಗೆ ಹೋದರು. ಅಲ್ಲಿ ಡೆರೆಕ್ ರಿಕ್ಟರ್ ಎಂಬ ವಿಜ್ಞಾನಿ ತಮ್ಮ ಮೇಜನ್ನೇ ಅವರಿಗೆ ಬಿಟ್ಟುಕೊಟ್ಟರಂತೆ. ಹಗಲು ಅದರ ಮೇಲೆ ಕಮಲಾ ಪ್ರಯೋಗ, ರಾತ್ರಿ ಅದರ ಮೇಲೆ ರಿಕ್ಟರ್ ನಿದ್ದೆ ಎಂಬ ಕತೆಯಿದೆ. ಆ ವಿಭಾಗದ ಮುಖ್ಯಸ್ಥರು ಫ್ರೆಡರಿಕ್ ಗೌಲ್ಯಾಂಡ್ ಹಾಪ್ಕಿನ್ಸ್. ಇಲ್ಲಿ ಸ್ವಲ್ಪ ನಿಲ್ಲಬೇಕು. ನಾವು ಇವತ್ತು ಮಾತ್ರೆ ಅಂಗಡಿಯಲ್ಲಿ ಕೇಳುವ ವಿಟಮಿನ್ ಎಂಬ ಸಂಗತಿ ಜಗತ್ತಿಗೆ ಗೊತ್ತಾದದ್ದರಲ್ಲಿ ಈ ಮನುಷ್ಯನ ಪಾಲು ದೊಡ್ಡದು.

ಅದಕ್ಕೂ ಮೊದಲು ಆಹಾರ ಅಂದರೆ ಪಿಷ್ಟ, ಕೊಬ್ಬು, ಪ್ರೋಟೀನು, ಲವಣ, ನೀರು, ಇಷ್ಟೇ ಎಂದು ತಿಳಿದಿದ್ದರು. ಹಾಪ್ಕಿನ್ಸ್ ಇಲಿಮರಿಗಳನ್ನು ಎರಡು ಗುಂಪು ಮಾಡಿದರು. ಎರಡಕ್ಕೂ ಶುದ್ಧೀಕರಿಸಿದ ಅದೇ ಆಹಾರ. ಒಂದು ಗುಂಪಿಗೆ ಮಾತ್ರ ದಿನಕ್ಕೆ ಒಂದಿಷ್ಟು ಹಾಲು. ಹಾಲು ಸಿಕ್ಕವು ಬೆಳೆದವು, ಸಿಗದವು ಬೆಳೆಯುವುದನ್ನು ನಿಲ್ಲಿಸಿದವು. ಕೆಲವು ದಿನದ ಮೇಲೆ ಹಾಲನ್ನು ಅದಲುಬದಲು ಮಾಡಿದರೆ ಬೆಳವಣಿಗೆಯೂ ಅದಲುಬದಲು. ಆ ಹಾಲಿನ ಪ್ರಮಾಣ ಎಷ್ಟು ಕಡಿಮೆ ಅಂದರೆ, ಹೊಟ್ಟೆ ತುಂಬಿಸುವ ಲೆಕ್ಕದಲ್ಲಿ ಅದು ಏನೂ ಅಲ್ಲ. ಹಾಗಾದರೆ ಅದರಲ್ಲಿ ಕಣ್ಣಿಗೆ ಕಾಣದ, ತೀರ ಅಲ್ಪ ಪ್ರಮಾಣದಲ್ಲಿ ಬೇಕಾದ ಇನ್ನೇನೋ ಇದೆ. 1912ರಲ್ಲಿ ಅವರು ಇದನ್ನು ಪ್ರಕಟಿಸಿದರು. ಜಾವಾ ದ್ವೀಪದಲ್ಲಿ ಪಾಲಿಶ್ ಮಾಡಿದ ಅಕ್ಕಿ ತಿಂದು ಕಾಲು ಸೋತ ಕೋಳಿಗಳನ್ನು ನೋಡಿ ಬೆರಿಬೆರಿ ರೋಗದ ಸುಳಿವು ಹಿಡಿದ ಐಕ್ಮನ್ ಅವರ ಜೊತೆ ಹಾಪ್ಕಿನ್ಸ್‌ಗೆ 1929ರ ನೊಬೆಲ್ ಬಂತು. ಕೋಳಿಯಿಂದ, ಇಲಿಯಿಂದ ಮನುಷ್ಯನ ತಟ್ಟೆಗೆ ಬಂದ ವಿದ್ಯೆ ಇದು.

ಆ ವಿಭಾಗದಲ್ಲಿ ಕಮಲಾ ಕೈಗೆ ಬಂದದ್ದು ಆಲೂಗಡ್ಡೆ. ರಿಕ್ಟರ್ ಬೇರೆ ಕಡೆ ಹೋದ ಮೇಲೆ ರಾಬಿನ್ ಹಿಲ್ ಅವರ ಬಳಿ ಸಸ್ಯಗಳ ಮೇಲೆ ಕೆಲಸ ಮಾಡುತ್ತಾ, ಸೈಟೋಕ್ರೋಮ್ ಸಿ ಎಂಬ ಪ್ರೋಟೀನು ಸಸ್ಯಗಳ ಜೀವಕೋಶಗಳಲ್ಲೂ ಇದೆ ಎಂದು ತೋರಿಸಿದರು. ನಾನು ಎಲೆಕ್ಟ್ರಾನಿಕ್ಸ್ ಓದುವವಳು, ಜೀವಶಾಸ್ತ್ರವನ್ನು ಎಸ್ಸೆಸ್ಸೆಲ್ಸಿಯಲ್ಲೇ ಬಿಟ್ಟು ಬಂದವಳು. ಆದರೆ ಈ ಸೈಟೋಕ್ರೋಮ್ ಮಾಡುವ ಕೆಲಸ ನೋಡಿ ಕುರ್ಚಿಯಿಂದ ಎದ್ದೆ. ಜೀವಕೋಶದೊಳಗೆ ಅದು ಎಲೆಕ್ಟ್ರಾನ್ ಸಾಗಿಸುತ್ತದೆ. ಅದನ್ನು ಹಿಡಿದು ಬಿಡಲು ಅದರ ನಡುವೆ ಒಂದು ಕಬ್ಬಿಣದ ಪರಮಾಣು ಕೂತಿದೆ. ನನ್ನ ರಕ್ತದ ಹಿಮೋಗ್ಲೋಬಿನ್ನಿನಲ್ಲಿ ಕೂತು ಆಮ್ಲಜನಕ ಹೊರಬೇಕಾದದ್ದೂ ಅದೇ ಕಬ್ಬಿಣ. ಅದು ಸಾಲದೆ ಹೋಗಿಯೇ ನನಗೆ 8.9 ಬಂದಿತ್ತು.

ಹದಿನಾಲ್ಕೇ ತಿಂಗಳಲ್ಲಿ ಕಮಲಾ ಪ್ರಬಂಧ ಮುಗಿಸಿದರು. ಸುಮಾರು ನಲವತ್ತೇ ಪುಟ. 1939ರಲ್ಲಿ ಪಿಎಚ್.ಡಿ. ಬಂತು. ವಿಜ್ಞಾನದಲ್ಲಿ ಪಿಎಚ್.ಡಿ. ಪಡೆದ ಮೊದಲ ಭಾರತೀಯ ಮಹಿಳೆ ಎಂದು ಅವರನ್ನು ಕರೆಯುತ್ತಾರೆ. ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ 1931ರಲ್ಲೇ ಅಮೆರಿಕದ ಮಿಶಿಗನ್‌ನಿಂದ ಡಾಕ್ಟರೇಟ್ ತಂದಿದ್ದರು. ಆದ್ದರಿಂದ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಈ ಮೊದಲಿಗರ ಪಟ್ಟಿಯನ್ನು ಸ್ವಲ್ಪ ಎಚ್ಚರದಿಂದ ಬಾಯಿಪಾಠ ಮಾಡಿ.

ಆ ಪದವಿ ಇಟ್ಟುಕೊಂಡು ಅವರು ಅಲ್ಲೇ ಉಳಿಯಬಹುದಿತ್ತು. ಅದೇ ವರ್ಷ ದೇಶಕ್ಕೆ ಮರಳಿದರು. ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನ ವಿಭಾಗದ ಮುಖ್ಯಸ್ಥೆ. ಅಲ್ಲಿಂದ ನೀಲಗಿರಿಯ ಕೂನೂರಿನ ಪೋಷಣಾ ಸಂಶೋಧನಾ ಪ್ರಯೋಗಾಲಯಕ್ಕೆ ಸಹಾಯಕ ನಿರ್ದೇಶಕಿ. ವಿಟಮಿನ್ನುಗಳ ಪರಿಣಾಮ ಅಲ್ಲಿ ಅವರ ವಿಷಯ. ಕೂನೂರಿನದೂ ಇಲಿಗಳ ಕತೆಯೇ. ಅದನ್ನು ಕಟ್ಟಿದ ರಾಬರ್ಟ್ ಮೆಕ್ಯಾರಿಸನ್ ಭಾರತದ ಬೇರೆ ಬೇರೆ ಪ್ರಾಂತ್ಯದ ಜನರ ಊಟವನ್ನು ಇಲಿಗಳಿಗೆ ತಿನ್ನಿಸಿ ನೋಡಿದ್ದರು. ಗೋಧಿ ರೊಟ್ಟಿ, ಹಾಲು, ಬೇಳೆ, ತರಕಾರಿ ಇದ್ದ ಪಂಜಾಬಿನ ಸಿಖ್ಖರ ಊಟ ತಿಂದ ಇಲಿಗಳು ಗಟ್ಟಿಯಾದವು, ಬರೀ ಅನ್ನವೇ ಹೆಚ್ಚಿದ್ದ ಊಟ ತಿಂದವು ಸೊರಗಿದವು. ಈ ಪ್ರಯೋಗಾಲಯವೇ 1958ರಲ್ಲಿ ಹೈದರಾಬಾದಿಗೆ ಬಂದು ಇವತ್ತಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಆಗಿದೆ. ಯಾದಗಿರಿಯಲ್ಲಿ ರೈಲು ಹತ್ತಿದರೆ ನಮಗೆ ಬೆಂಗಳೂರಿಗಿಂತ ಹತ್ತಿರ.

ಆ ಸಂಸ್ಥೆ 2020ರಲ್ಲಿ ಕೊಟ್ಟ ಕೋಷ್ಟಕವನ್ನು ನಾನು ಹಾಸ್ಟೆಲ್ ಗೋಡೆಗೆ ಅಂಟಿಸಿದ್ದೇನೆ. ದಿನಕ್ಕೆ ಕಬ್ಬಿಣ ಗಂಡಸಿಗೆ 19 ಮಿಲಿಗ್ರಾಂ, ಹೆಂಗಸಿಗೆ 29. ವಿಟಮಿನ್ ಸಿ ಗಂಡಸಿಗೆ 80, ಹೆಂಗಸಿಗೆ 65. ಕಬ್ಬಿಣ ಹೆಚ್ಚು ಬೇಕಾದದ್ದು ಹೆಂಗಸಿಗೆ. ಮನೆಯಲ್ಲಿ ಕೊನೆಗೆ ಉಣ್ಣುವವಳೂ ಅವಳೇ. ನೂರು ಗ್ರಾಂ ಜೋಳದಲ್ಲಿ ಸುಮಾರು 4 ಮಿಲಿಗ್ರಾಂ ಕಬ್ಬಿಣ, ತೊಗರಿ ಬೇಳೆಯಲ್ಲೂ ಹೆಚ್ಚುಕಡಿಮೆ ಅಷ್ಟೇ. ಅದರಲ್ಲೂ ಕಾಳುಕಡಿಯ ಕಬ್ಬಿಣ ಹತ್ತರಲ್ಲಿ ಒಂದು ಪಾಲೂ ರಕ್ತಕ್ಕೆ ಸೇರುವುದಿಲ್ಲ, ಕಾಳಿನಲ್ಲೇ ಇರುವ ಫೈಟೇಟ್ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. 29 ಮಿಲಿಗ್ರಾಂ ತಿಂದರೆ ಮೈಗೆ ಹತ್ತುವುದು ಎರಡು ಮಿಲಿಗ್ರಾಂ ಆಸುಪಾಸು. ಊಟ ಆದ ಕೂಡಲೇ ಚಾ ಕುಡಿದರೆ ಅದಕ್ಕೂ ಕತ್ತರಿ. ನಿಂಬೆಹಣ್ಣು, ಪೇರಲ, ನೆಲ್ಲಿಕಾಯಿ ಜೊತೆಗಿದ್ದರೆ, ಅಂದರೆ ವಿಟಮಿನ್ ಸಿ ಇದ್ದರೆ, ಹೀರಿಕೊಳ್ಳುವುದು ಹೆಚ್ಚುತ್ತದೆ. ನಮ್ಮ ಮನೆಯಲ್ಲಿ ಉಂಡು ತಟ್ಟೆ ತೊಳೆಯುವ ಮೊದಲೇ ಚಾ ಕುದಿಯುತ್ತಿರುತ್ತದೆ.

ಕಮಲಾ ಕತೆಗೆ ಬರೋಣ. ಕೂನೂರಿನಲ್ಲಿ ಕೆಲಸ ಚೆನ್ನಾಗಿತ್ತು, ಪ್ರಬಂಧಗಳು ಪ್ರಕಟವಾಗುತ್ತಿದ್ದವು, ಮುಂದಿನ ಬಡ್ತಿಯ ದಾರಿ ಮಾತ್ರ ಕಾಣಲಿಲ್ಲ. 1947ರಲ್ಲಿ ಎಂ.ವಿ. ಸೋಹೋನಿ ಅವರನ್ನು ಮದುವೆಯಾಗಿ ಮುಂಬೈಗೆ ಬಂದು, ಅಲ್ಲಿನ ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ ಜೀವರಸಾಯನ ವಿಭಾಗ ಸೇರಿದರು. ಮದುವೆಯೊಂದಿಗೆ ಕೆಲಸ ಮುಗಿಯಲಿಲ್ಲ. ನನಗೆ ಕೇಳಿದರೆ ಅವರ ಅತ್ಯಂತ ಉಪಯುಕ್ತ ಕೆಲಸ ಶುರುವಾದದ್ದೇ ಆಮೇಲೆ.

ಮತ್ತೆ ಬೇಳೆಕಾಳಿಗೆ ಕೈ ಹಾಕಿದರು. ಪ್ರೋಟೀನನ್ನು ಜೀರ್ಣ ಮಾಡಲು ನಮ್ಮ ಹೊಟ್ಟೆಯಲ್ಲಿ ಟ್ರಿಪ್ಸಿನ್ ಎಂಬ ಕಿಣ್ವ ಇದೆ. ಹಸಿ ಕಾಳುಗಳಲ್ಲಿ ಈ ಟ್ರಿಪ್ಸಿನ್ನನ್ನು ಕಟ್ಟಿಹಾಕುವ ವಸ್ತುಗಳಿರುತ್ತವೆ. ಕಾಳಿನಲ್ಲಿ ಪ್ರೋಟೀನು ಇದೆ, ಆದರೆ ಅದನ್ನು ತೆಗೆದುಕೊಳ್ಳಲು ಕಾಳೇ ಬಿಡುವುದಿಲ್ಲ. ಭಾರತದ ಕಾಳುಗಳಲ್ಲಿ ಇಂಥ ವಸ್ತುಗಳನ್ನು ಕಮಲಾ ಮತ್ತು ಅವರ ವಿದ್ಯಾರ್ಥಿಗಳು ಹುಡುಕಿ ಅಳೆದರು. ಚೆನ್ನಾಗಿ ಬೇಯಿಸಿದರೆ ಇವು ಬಹುಪಾಲು ನಾಶವಾಗುತ್ತವೆ. ಬ್ಯಾಳಿ ನುಣ್ಣಗೆ ಬೇಯುವವರೆಗೆ ಒಲೆ ಬಿಟ್ಟು ಏಳದ ನಮ್ಮ ಅಜ್ಜಿಗೆ ಟ್ರಿಪ್ಸಿನ್ ಹೆಸರು ಗೊತ್ತಿರಲಿಲ್ಲ, ಅಷ್ಟೆ.

ಇನ್ನೊಂದು ನೀರಾ. ಈಚಲ ಗಿಡದಿಂದ ರಾತ್ರಿ ಇಳಿಯುವ ರಸವನ್ನು ಬಿಸಿಲೇರುವ ಮೊದಲೇ ಇಳಿಸಿಕೊಂಡರೆ ಅದು ನೀರಾ, ಸಿಹಿ ಪಾನೀಯ. ಬಿಟ್ಟರೆ ಹುಳಿತು ಸೇಂದಿ. ನಮ್ಮ ಜಿಲ್ಲೆಯಲ್ಲಿ ಈ ಗಿಡದ ಹೆಸರು ತೆಗೆದರೆ ಎರಡನೆಯದೇ ನೆನಪಾಗುವುದು, ಅದೂ ಪೊಲೀಸ್ ಸುದ್ದಿಯಾಗಿ. ಆಗ ರಾಷ್ಟ್ರಪತಿಯಾಗಿದ್ದ ರಾಜೇಂದ್ರ ಪ್ರಸಾದ್ ಅವರ ಸಲಹೆಯ ಮೇರೆಗೆ ಕಮಲಾ ನೀರಾವನ್ನು ಪರೀಕ್ಷೆಗೆ ತೆಗೆದುಕೊಂಡರು. ಅದರಲ್ಲಿ ವಿಟಮಿನ್ ಎ, ವಿಟಮಿನ್ ಸಿ ಮತ್ತು ಕಬ್ಬಿಣ ಗಣನೀಯ ಪ್ರಮಾಣದಲ್ಲಿವೆ, ಕುದಿಸಿ ಬೆಲ್ಲ ಮಾಡಿದರೂ ಉಳಿಯುತ್ತವೆ ಎಂಬುದು ಅವರ ಕಂಡುಕೊಳ್ಳುವಿಕೆ. ಅಲ್ಲಿಗೆ ನಿಲ್ಲಿಸಲಿಲ್ಲ. ಅಪೌಷ್ಟಿಕತೆಯಿಂದ ಬಳಲುತ್ತಿದ್ದ ಆದಿವಾಸಿ ಮಕ್ಕಳಿಗೆ, ಬಸುರಿಯರಿಗೆ ಅದನ್ನು ಕೊಟ್ಟು ನೋಡಿದರು, ಆರೋಗ್ಯ ಸುಧಾರಿಸಿದ್ದನ್ನು ದಾಖಲಿಸಿದರು. ಈ ಕೆಲಸಕ್ಕೆ ರಾಷ್ಟ್ರಪತಿ ಪ್ರಶಸ್ತಿ ಬಂತು. ಡಬ್ಬಿಯಲ್ಲಿ ಬರುವ ದುಬಾರಿ ಪುಡಿಯನ್ನಲ್ಲ, ಬಡವರ ಕೈಗೆ ಎಟಕುವ ಗಿಡದ ರಸವನ್ನು ಅವರು ಅಳೆದು ನೋಡಿದರು. ಇಡೀ ಜೀವನದಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಇದೇ.

ಇಷ್ಟಾದರೂ ಸಂಸ್ಥೆಯ ನಿರ್ದೇಶಕಿಯ ಕುರ್ಚಿ ಅವರಿಗೆ ಸಿಕ್ಕಿದ್ದು ಒಳರಾಜಕೀಯದಿಂದ ನಾಲ್ಕು ವರ್ಷ ತಡವಾಗಿ. 1969ರಲ್ಲಿ ನಿವೃತ್ತಿ. ಅದಕ್ಕೂ ಮೊದಲೇ, 1966ರಲ್ಲಿ, ಒಂಬತ್ತು ಮಹಿಳೆಯರು ಸೇರಿ ಮುಂಬೈನಲ್ಲಿ ಗ್ರಾಹಕರ ಸಂಘ ಕಟ್ಟಿದಾಗ ಅವರಲ್ಲಿ ಕಮಲಾ ಒಬ್ಬರು. ಕಲಬೆರಕೆ, ತೂಕದಲ್ಲಿ ಮೋಸ, ಇಂಥದ್ದರ ವಿರುದ್ಧದ ಆ ಸಂಘಕ್ಕೆ 1982ರಲ್ಲಿ ಅಧ್ಯಕ್ಷೆಯೂ ಆದರು, ಅದರ ಪತ್ರಿಕೆಗೆ ಬರೆದರು.

ಓದುತ್ತಾ ನನಗೆ ನೆನಪಾದದ್ದು ನೀಲಿ ಮಾತ್ರೆ. ಹೈಸ್ಕೂಲಿನಲ್ಲಿ ವಾರಕ್ಕೊಂದು ಕೊಡುತ್ತಿದ್ದರಲ್ಲ, ಕಬ್ಬಿಣ ಮತ್ತು ಫೋಲಿಕ್ ಆಮ್ಲದ್ದು. ಹೊಟ್ಟೆ ತೊಳಸುತ್ತದೆ ಎಂದು ನಾಲಿಗೆ ಕೆಳಗೆ ಇಟ್ಟುಕೊಂಡು, ಆಮೇಲೆ ಕಾಂಪೌಂಡ್ ಆಚೆ ಉಗುಳಿದವರಲ್ಲಿ ನಾನೇ ಮುಂದೆ. ಸರ್ಕಾರ ಕೊಟ್ಟಿತ್ತು, ಮೇಷ್ಟ್ರು ಹಂಚಿದ್ದರು, ರಿಜಿಸ್ಟರಿನಲ್ಲಿ ಟಿಕ್ ಬಿದ್ದಿತ್ತು. ಮೈಗೆ ಹತ್ತಿರಲಿಲ್ಲ.

ನನ್ನ ತಮ್ಮನ ಕಾಲಕ್ಕೆ ಇನ್ನೊಂದು ನಡೆಯಿತು. 2021ರ ಡಿಸೆಂಬರಿನಲ್ಲಿ ನಮ್ಮ ಭಾಗದ ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಕೊಡಲು ಶುರು ಮಾಡಿದರು. ಅವನಾಗ ಎಂಟನೇ ಕ್ಲಾಸು. ಟಿವಿಯಲ್ಲಿ ಪರ ವಿರೋಧ ಜೋರಾಗಿತ್ತು. ಗದಗದ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯದವರು ಮೊಟ್ಟೆ ಸಿಕ್ಕ ಯಾದಗಿರಿಯ ಮಕ್ಕಳನ್ನೂ, ಸಿಗದ ಗದಗದ ಮಕ್ಕಳನ್ನೂ ತೂಗಿ ನೋಡಿದರು. ನಮ್ಮ ಮಕ್ಕಳ ತೂಕ ಹೆಚ್ಚು ಏರಿತ್ತು. ಆಮೇಲೆ ಮೊಟ್ಟೆ ಇಡೀ ರಾಜ್ಯಕ್ಕೆ ಹೋಯಿತು. ಹಾಪ್ಕಿನ್ಸ್‌ನ ಎರಡು ಗುಂಪು ನೆನಪಾಯಿತೇ? ನಮ್ಮ ಜಿಲ್ಲೆಯ ಹೆಸರು ಹಿಂದುಳಿದ ಪಟ್ಟಿ ಬಿಟ್ಟು ಬೇರೆ ಕಡೆ ಮೊದಲು ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಡಾಕ್ಟರ್ ಬರೆದುಕೊಟ್ಟ ಕಬ್ಬಿಣದ ಮಾತ್ರೆಯನ್ನು ಈ ಸಲ ಉಗುಳಲಿಲ್ಲ. ಹುಳದ ಮಾತ್ರೆಯೂ ತೆಗೆದುಕೊಂಡೆ. ಊರಿಗೆ ಹೋದಾಗ ಅವ್ವನನ್ನೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದೆ. ನನಗೇನಾಗೇತಿ ಅನ್ನುತ್ತಲೇ ಬಂದಳು. ಅವಳದು 8.1. ಇಷ್ಟು ವರ್ಷ ಅವಳು ಇಷ್ಟರಲ್ಲೇ ಹೊಲ, ಮನೆ ಎರಡನ್ನೂ ಎಳೆದಿದ್ದಾಳೆ. ಚಾ ಬಿಡಿಸಲು ಆಗಲಿಲ್ಲ, ಊಟ ಆಗಿ ಒಂದು ತಾಸು ಬಿಟ್ಟು ಕುಡಿಯುವಂತೆ ಒಪ್ಪಂದ ಆಯಿತು. ಬ್ಯಾಳಿಗೆ ನಿಂಬೆಹಣ್ಣು ಹಿಂಡುವುದು ಸುಲಭವಾಗಿ ನಡೆಯಿತು. ಎಲ್ಲರೂ ಒಟ್ಟಿಗೆ ಉಣ್ಣಲು ಕೂರೋಣ ಎಂದದ್ದೇ ಕಷ್ಟದ್ದು. ಅಪ್ಪ ಮೊದಲ ದಿನ ವಿಚಿತ್ರವಾಗಿ ನೋಡಿದರು. ಈಗ ನಾನು ಊರಲ್ಲಿದ್ದ ದಿನ ಮಾತ್ರ ನಡೆಯುತ್ತದೆ.

ಕಮಲಾ ಸೋಹೋನಿ ತೀರಿಕೊಂಡದ್ದು 1998ರಲ್ಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ದೆಹಲಿಯಲ್ಲಿ ಅವರನ್ನು ಸನ್ಮಾನಿಸುತ್ತಿದ್ದಾಗ ಸಮಾರಂಭದಲ್ಲೇ ಕುಸಿದರು, ಸ್ವಲ್ಪ ದಿನಕ್ಕೇ ಹೋಗಿಬಿಟ್ಟರು. ನಾನು ಹುಟ್ಟುವುದಕ್ಕೂ ಎಷ್ಟೋ ಮೊದಲು.

ಈ ಜನವರಿಯಲ್ಲಿ ಮತ್ತೆ ಶಿಬಿರ ಬಂತು. ಹೆಸರು ಬರೆಸಿದೆ, ಅದೇ ನರ್ಸ್, ಅದೇ ಯಂತ್ರ. 12.1. ಮತ್ತೆ ವಾಪಸ್ ಕಳಿಸಿದರು.